ಕಾಲು ಬಂದರೆ ಗೆದ್ದವರು ಯಾರು?

"ಅವನ ಛಲ ದೊಡ್ಡದು ಕಣ್ರೀ, ಅದಕ್ಕೇ ಎದ್ದು ನಡೆದ." ಈ ಮಾತನ್ನ ನೀವೂ ಕೇಳಿರ್ತೀರಿ, ಬಹುಶಃ ಆಡಿಯೂ ಇರ್ತೀರಿ. ದೊಡ್ಡ ಕಾಯಿಲೆಯಿಂದ ಎದ್ದು ಬಂದವರ ಬಗ್ಗೆ ನಮಗೆ ಹೇಳೋಕೆ ಬರೋ ಕಥೆ ಇದೊಂದೇ. ಲಿಂಕ್ಡ್‌ಇನ್ ತೆಗೆದರೆ ದಿನಕ್ಕೊಂದು ಸಿಗುತ್ತೆ: ಡಾಕ್ಟರು ಆಗಲ್ಲ ಅಂದ್ರು, ನಾನು ಆಗುತ್ತೆ ಅಂದೆ, ಆಯ್ತು. ಕೆಳಗೆ ನೂರಾರು ಲೈಕು, ಚಪ್ಪಾಳೆ.

ಕೇಳೋಕೆ ಚೆನ್ನಾಗಿದೆ. ಆದರೆ ಈ ಹೊಗಳಿಕೆಗೆ ಒಂದು ಹಿಂಬದಿ ಇದೆ. ನಡೆದವನು ಛಲದಿಂದ ನಡೆದ ಅಂದ್ರೆ, ನಡೆಯದೇ ಉಳಿದವನಿಗೆ ಛಲ ಸಾಲಲಿಲ್ಲ ಅಂತ ತಾನೇ? ಅದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಹೇಳಬೇಕಾಗೂ ಇಲ್ಲ. ಗಾಲಿಕುರ್ಚಿಯಲ್ಲಿ ಕೂತವನು ತಾನೇ ಲೆಕ್ಕ ಹಾಕ್ಕೋತಾನೆ.

ಈ ಬರಹ ಆ ಲೆಕ್ಕದ ಬಗ್ಗೆ. ಉದಾಹರಣೆಗೆ ನಾನು ಆರಿಸಿಕೊಂಡಿರೋದು ಬೆನ್ನುಮೂಳೆಯ ಟಿಬಿ. ಈ ಕಾಯಿಲೆಯನ್ನ ಹತ್ತಿರದಿಂದ ನೋಡಿದೀನಿ ಅನ್ನೋದು ಒಂದು ಕಾರಣ. ಆಪರೇಷನ್ ಆದ ಮೇಲೆ ಕಾಲು ಬರುತ್ತೋ ಇಲ್ಲವೋ ಅನ್ನೋದನ್ನ ಯಾವುದು ತೀರ್ಮಾನಿಸುತ್ತೆ ಅಂತ ವೈದ್ಯರಿಗೆ ಸಾಕಷ್ಟು ಗೊತ್ತಿದೆ ಅನ್ನೋದು ಇನ್ನೊಂದು. ಹಾಗಾಗಿ ಛಲದ ಕಥೆಯನ್ನ ಇಲ್ಲಿ ಪರೀಕ್ಷೆ ಮಾಡಬಹುದು.

ಟಿಬಿ ಅಂದ ಕೂಡಲೇ ನಮಗೆ ಕೆಮ್ಮು ನೆನಪಾಗುತ್ತೆ. ಅದೇ ಬ್ಯಾಕ್ಟೀರಿಯಾ ರಕ್ತದ ದಾರಿಯಲ್ಲಿ ಬೆನ್ನುಮೂಳೆಗೂ ಹೋಗಿ ಕೂರುತ್ತೆ. ಮೂಳೆಗೆ ಬರೋ ಟಿಬಿಯಲ್ಲಿ ಹೆಚ್ಚುಕಮ್ಮಿ ಅರ್ಧ ಬೆನ್ನಿನದ್ದೇ. ಬೆನ್ನಿನ ಮಣಿಗಳ ಮುಂಭಾಗ ಮೆಲ್ಲಗೆ ಕರಗುತ್ತೆ, ಸುತ್ತ ಕೀವು ತುಂಬುತ್ತೆ, ಮಣಿ ಕುಸಿದು ಬೆನ್ನು ಮುಂದಕ್ಕೆ ಬಾಗುತ್ತೆ. ಅದರ ಹಿಂದೆಯೇ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇದೆ. ಅದರ ಮೇಲೆ ಒತ್ತಡ ಬಿದ್ದಾಗ ಕಾಲು ಸೋಲೋಕೆ ಶುರುವಾಗುತ್ತೆ. 1779ರಲ್ಲಿ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಗೂನು ಬೆನ್ನಿಗೂ ಬಲ ಹೋದ ಕಾಲಿಗೂ ಇರೋ ನಂಟನ್ನ ವಿವರವಾಗಿ ಬರೆದ. ಅದಕ್ಕೇ ಇವತ್ತಿಗೂ ಇದನ್ನ ಪಾಟ್ಸ್ ಡಿಸೀಸ್ ಅಂತಾರೆ. ಕಾರಣವಾದ ಬ್ಯಾಕ್ಟೀರಿಯಾವನ್ನ ರಾಬರ್ಟ್ ಕೋಖ್ ಜಗತ್ತಿಗೆ ತೋರಿಸಿದ್ದು ಅದಾಗಿ ನೂರಕ್ಕೂ ಹೆಚ್ಚು ವರ್ಷದ ಮೇಲೆ, 1882ರ ಮಾರ್ಚ್ 24ರಂದು. ಈಗ ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು.

ನಾನು ನೋಡಿದ ಬೆನ್ನು ತರಗುಪೇಟೆಯದು. ತರಗು ಅಂದ್ರೆ ದಲ್ಲಾಳಿ ಕಮಿಷನ್ನು. ಹಳೇದು ಹೊಸದು ಎರಡೂ ತರಗುಪೇಟೆ ಸೇರಿ, ಬೆಂಗಳೂರಿನ ಬೇಳೆ, ಬೆಲ್ಲ, ಮೆಣಸಿನಕಾಯಿ, ಎಣ್ಣೆಯ ಹಳೇ ಸಗಟು ಪೇಟೆ. ಯಶವಂತಪುರಕ್ಕೆ ದೊಡ್ಡ ಯಾರ್ಡು ಬಂದ ಮೇಲೂ ಈ ಬೀದಿಗಳು ಖಾಲಿಯಾಗಲಿಲ್ಲ. ಲಾರಿ ಒಳಗೆ ಬರೋಕಾಗದ ಗಲ್ಲಿಗಳಲ್ಲಿ ಚೀಲ ಈಗಲೂ ಮನುಷ್ಯರ ಬೆನ್ನ ಮೇಲೇ ಹೋಗುತ್ತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಸೊಬ್ಬ ಹೊರೋ ಭಾರಕ್ಕೆ 55 ಕೆ.ಜಿ. ಮಿತಿ ಹಾಕಿತು. ಇಲ್ಲಿ ಐವತ್ತು ಕೆ.ಜಿ.ಯ ಎರಡು ಚೀಲ ಒಟ್ಟಿಗೆ ಒಂದು ಬೆನ್ನೇರೋದನ್ನ ನಾನು ನೋಡಿದೀನಿ.

ನಮ್ಮೂರು ಶಿರಾ ಕಡೆ. ಅಲ್ಲಿಂದ ಇಲ್ಲಿಗೆ ಹಮಾಲಿ ಕೆಲಸಕ್ಕೆ ಬಂದವರಲ್ಲಿ ಒಬ್ಬರು ನನಗೆ ವರಸೆಯಲ್ಲಿ ಅಣ್ಣ ಆಗಬೇಕು. ಅವರಿಗೆ ಬೆನ್ನುನೋವು ಶುರುವಾದಾಗ ಯಾರಿಗೂ ಅದು ಸುದ್ದಿ ಅನ್ನಿಸಲಿಲ್ಲ. ಚೀಲ ಹೊರೋನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತೆ? ಮುಲಾಮು ಹಚ್ಚಿದರು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು, ಯಾರೋ ಹೇಳಿದರು ಅಂತ ಎಣ್ಣೆ ನೀವಿಸಿಕೊಂಡರು. ಸಂಜೆ ಹೊತ್ತು ಸಣ್ಣಗೆ ಜ್ವರ ಬರ್ತಿತ್ತು, ತೂಕ ಇಳೀತಿತ್ತು. ಆಮೇಲೆ ಒಂದು ದಿನ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದಿದ್ದು ಅವರಿಗೇ ಗೊತ್ತಾಗಲಿಲ್ಲ. ಐದನೇ ತಿಂಗಳಲ್ಲಿ ಲಾರಿಗೆ ಇಟ್ಟ ಹಲಗೆ ಮೇಲೆ ಕಾಲು ಕೋಲಿನ ಹಾಗೆ ಬಿಗಿದು ನಿಂತಿತು. ಅಲ್ಲಿಂದ ಹಾಸಿಗೆ ಹಿಡಿಯೋಕೆ ಹತ್ತು ದಿನ.

ಎಂಆರ್‌ಐ, ಆಪರೇಷನ್, ಬೆನ್ನಿಗೆ ಸ್ಕ್ರೂ ಮತ್ತು ರಾಡು. ಮೂರನೇ ವಾರ ಬಲಗಾಲಿನ ಹೆಬ್ಬೆರಳು ಅಲುಗಿತು. ಎಂಟು ತಿಂಗಳ ಹೊತ್ತಿಗೆ ಕೋಲು ಹಿಡಿದು ಬೀದಿ ಕೊನೆಯ ಟೀ ಅಂಗಡಿವರೆಗೆ ಬಂದರು.

ಅದೇ ವಾರ್ಡಿನಲ್ಲಿ, ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗ ಇದ್ದ. ಇಪ್ಪತ್ತರ ಆಸುಪಾಸು. ಅದೇ ಕಾಯಿಲೆ, ಅದೇ ಥರದ ಆಪರೇಷನ್. ವ್ಯಾಯಾಮದಲ್ಲಿ ಅವನು ಅಣ್ಣನಿಗಿಂತ ಎರಡು ಪಟ್ಟು ಗಟ್ಟಿ. ಫಿಸಿಯೋಥೆರಪಿಯವರು ಹತ್ತು ಸಲ ಅಂದ್ರೆ ಇಪ್ಪತ್ತು ಸಲ ಮಾಡ್ತಿದ್ದ. ಅವನ ಕಾಲು ಬರಲಿಲ್ಲ. ಸ್ವಲ್ಪ ಸ್ಪರ್ಶ ಬಂತು, ಅಷ್ಟೇ.

ಛಲದ ಕಥೆಗೆ ಈ ಹುಡುಗನನ್ನ ಎಲ್ಲಿ ಕೂರಿಸ್ತೀರಿ?

ಉತ್ತರ ಹುಡುಕೋಕೆ ಮೊದಲು ಆಪರೇಷನ್ ಏನು ಮಾಡುತ್ತೆ ಅಂತ ನೋಡಬೇಕು. ಈ ಕಾಯಿಲೆಯಲ್ಲಿ ಎಲ್ಲರಿಗೂ ಆಪರೇಷನ್ ಬೇಕಾಗಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದ ಡಾ. ಎಸ್.ಎಂ. ಟುಲಿ 1975ರಲ್ಲಿ 'ಮಧ್ಯಮ ಮಾರ್ಗ' ಅನ್ನೋ ಪದ್ಧತಿಯ ಫಲಿತಾಂಶ ಪ್ರಕಟಿಸಿದರು. ಮೊದಲು ಔಷಧ, ಅದಕ್ಕೆ ನರದ ತೊಂದರೆ ಬಗ್ಗದಿದ್ದರೆ ಅಥವಾ ಹೆಚ್ಚಾಗ್ತಾ ಹೋದರೆ ಆಪರೇಷನ್. ಎಷ್ಟೋ ಜನ ಔಷಧದಲ್ಲೇ ಗುಣವಾಗ್ತಾರೆ. ಆಪರೇಷನ್ ಮಾಡಿದರೂ ಅದು ನರವನ್ನ ರಿಪೇರಿ ಮಾಡಲ್ಲ. ಕೀವು ತೆಗೆಯುತ್ತೆ, ಸತ್ತ ಮೂಳೆ ತೆಗೆಯುತ್ತೆ, ಕುಸಿದ ಕಡೆ ಆಧಾರ ಕೊಡುತ್ತೆ. ಹುರಿಯ ಮೇಲೆ ಕೂತಿದ್ದನ್ನ ಎಬ್ಬಿಸೋದಷ್ಟೇ ಸರ್ಜನ್ ಕೆಲಸ. ಮುಂದಿನದು ಹುರಿಯೊಳಗೆ ಏನು ಉಳಿದಿದೆ ಅನ್ನೋದರ ಮೇಲೆ.

ಕೈಕಾಲಿನ ನರ ತುಂಡಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೀಬಹುದು. ಬೆನ್ನುಹುರಿಯೊಳಗಿನ ತಂತುಗಳು ಹಾಗೆ ಬೆಳೆಯಲ್ಲ. ಅಲ್ಲಿ ವಾಪಸ್ ಬರೋದು ಸಾಯದೇ ಉಳಿದ, ಒತ್ತಡಕ್ಕೆ ಸುಮ್ಮನಾಗಿದ್ದ ತಂತುಗಳು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಹ್ಯಾಂಗ್ ಆದ ಪ್ರೋಗ್ರಾಮು ಬೇರೆ, ಡಿಲೀಟ್ ಆದ ಫೈಲು ಬೇರೆ. ಹೊರಗಿಂದ ನೋಡೋನಿಗೆ ಎರಡೂ ಒಂದೇ, ಸ್ಕ್ರೀನಲ್ಲಿ ಏನೂ ಬರ್ತಿಲ್ಲ. ಒಳಗಿನ ಸ್ಥಿತಿ ಬೇರೆ ಬೇರೆ.

ಒಳಗಿನ ಸ್ಥಿತಿಯನ್ನ ತೀರ್ಮಾನಿಸೋದು ಏನು? ಒತ್ತಿದ್ದು ಕೀವು, ಊತ ಆಗಿದ್ದರೆ ಒಳ್ಳೇದು. ಒತ್ತಿದ್ದು ಗಟ್ಟಿ ಮೂಳೆಯ ಅಂಚಾಗಿದ್ದರೆ ಕಷ್ಟ. ಹುರಿಯ ರಕ್ತನಾಳವೇ ಮುಚ್ಚಿದ್ದರೆ ಇನ್ನೂ ಕಷ್ಟ. ಒತ್ತಡ ಎಷ್ಟು ದಿನ ಇತ್ತು, ನಿಧಾನಕ್ಕೆ ಬಂತೋ ಒಮ್ಮೆಲೇ ಬಂತೋ, ಚಿಕಿತ್ಸೆ ಶುರುವಾದಾಗ ಎಷ್ಟು ಶಕ್ತಿ, ಎಷ್ಟು ಸ್ಪರ್ಶ ಉಳಿದಿತ್ತು, ವಯಸ್ಸೆಷ್ಟು, ಮೈಯಲ್ಲಿ ಪುಷ್ಟಿ ಎಷ್ಟಿತ್ತು. ಈ ಪಟ್ಟಿಯಲ್ಲಿ ಛಲ ಇಲ್ಲ. ಅಣ್ಣನ ಹುರಿಯನ್ನ ಒತ್ತಿದ್ದು ಕೀವು. ಆ ಹುಡುಗನಿಗೆ ಚಿಕ್ಕಂದಿನಲ್ಲೇ ಬೆನ್ನಿನ ಟಿಬಿ ಬಂದು, ಗೂನು ಉಳಿದು, ಬೆಳೀತಾ ಬೆಳೀತಾ ಆ ಗೂನು ಹೆಚ್ಚಾಗಿ, ವರ್ಷಗಟ್ಟಲೆ ಹುರಿ ಒಂದು ಮೂಳೆಯ ಏಣಿನ ಮೇಲೆ ಬಿಗಿದುಕೊಂಡಿತ್ತು. ಇಬ್ಬರ ನಡುವಿನ ವ್ಯತ್ಯಾಸ ಕೀವಿಗೂ ಮೂಳೆಗೂ ಇರೋ ವ್ಯತ್ಯಾಸ, ತಿಂಗಳಿಗೂ ವರ್ಷಗಳಿಗೂ ಇರೋ ವ್ಯತ್ಯಾಸ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ವಶಾಸ್ತ್ರಜ್ಞರು 'ನೈತಿಕ ಅದೃಷ್ಟ' ಅನ್ನೋ ವಿಷಯದ ಮೇಲೆ ಎದುರುಬದುರು ಪ್ರಬಂಧ ಓದಿದರು. ಅವರ ಪ್ರಶ್ನೆ ಸರಳವಾದದ್ದು. ಮನುಷ್ಯನ ಕೈಯಲ್ಲಿ ಇಲ್ಲದ್ದಕ್ಕೆ ಅವನನ್ನ ಹೊಗಳಬಾರದು, ತೆಗಳಬಾರದು ಅಂತ ನಾವೆಲ್ಲ ಒಪ್ತೀವಿ. ಆದರೆ ನಿಜಜೀವನದಲ್ಲಿ ನಾವು ಹೊಗಳೋದು ತೆಗಳೋದು ಎಲ್ಲ ಫಲ ನೋಡಿಯೇ. ಕುಡಿದು ಗಾಡಿ ಓಡಿಸಿದ ಇಬ್ಬರಲ್ಲಿ ಮಗು ಅಡ್ಡ ಬಂದವನು ಕೊಲೆಗಾರ, ಬರದವನು ಬರೀ ಬೇಜವಾಬ್ದಾರಿ. ಅವರು ಹೆಚ್ಚಾಗಿ ತೆಗಳೋದರ ಬಗ್ಗೆ ಮಾತಾಡಿದರು. ನನಗೆ ಈ ವಾರ್ಡಿನಲ್ಲಿ ಕಂಡಿದ್ದು ಅದರ ಇನ್ನೊಂದು ಮುಖ. ಹೊಗಳಿಕೆಯಲ್ಲೂ ಅದೇ ಅನ್ಯಾಯ ನಡೆಯುತ್ತೆ. ಅದು ಸಿಹಿಯಾಗಿರೋದರಿಂದ ಯಾರೂ ಗಮನಿಸಲ್ಲ.

ಕಾಯಿಲೆಯನ್ನ ರೋಗಿಯ ಗುಣದ ಜೊತೆ ಗಂಟು ಹಾಕೋ ಅಭ್ಯಾಸ ಹಳೇದು. ನಮ್ಮ ಪುರಾಣದಲ್ಲಿ ಚಂದ್ರನಿಗೆ ಕ್ಷಯ ಬಂದಿದ್ದು ದಕ್ಷನ ಶಾಪದಿಂದ. ರೋಹಿಣಿಯೊಬ್ಬಳ ಮೇಲೇ ಪ್ರೀತಿ ಇಟ್ಟು ಉಳಿದ ಹೆಂಡತಿಯರನ್ನ ಕಡೆಗಣಿಸಿದ್ದು ಅವನ ತಪ್ಪು. ಯುರೋಪಿನಲ್ಲಿ ಕೋಖ್‌ಗಿಂತ ಮೊದಲು, ಆಮೇಲೂ ಸುಮಾರು ಕಾಲ, ಟಿಬಿ ಅಂದ್ರೆ ಸೂಕ್ಷ್ಮ ಮನಸ್ಸಿನವರ ಕಾಯಿಲೆ ಅಂತ ನಂಬಿದ್ದರು. ಸೂಸನ್ ಸಾಂಟ್ಯಾಗ್ ತನಗೆ ಕ್ಯಾನ್ಸರ್ ಬಂದ ಮೇಲೆ 1978ರಲ್ಲಿ ಬರೆದ ಪುಸ್ತಕದಲ್ಲಿ ಇಂಥ ಕಥೆಗಳನ್ನ ಒಂದೊಂದಾಗಿ ಬಿಚ್ಚಿ ತೋರಿಸಿದಳು. ಕಾಯಿಲೆಗೆ ಅರ್ಥ ಹುಡುಕೋದು ಕೊನೆಗೆ ರೋಗಿಯ ಮೇಲೇ ತಪ್ಪು ಹೊರಿಸುತ್ತೆ ಅನ್ನೋದು ಅವಳ ವಾದ. ನಾವೀಗ ಶಾಪ ನಂಬಲ್ಲ, ಅದರ ಜಾಗದಲ್ಲಿ 'ಪಾಸಿಟಿವ್ ಮೈಂಡ್‌ಸೆಟ್' ತಂದು ಕೂರಿಸಿದೀವಿ. ಕಾಯಿಲೆ ಬಂದಿದ್ದಕ್ಕೆ ಬೈಯಲ್ಲ, ಹೋಗದೇ ಇದ್ದಿದ್ದಕ್ಕೆ ಬೈತೀವಿ.

ಹಾಗಾದರೆ ಯಾರ ಮೇಲೂ ಹೊಣೆ ಇಲ್ವಾ, ಎಲ್ಲ ಅದೃಷ್ಟವಾ? ಅಲ್ಲ. ಮೇಲಿನ ಪಟ್ಟಿಯನ್ನ ಇನ್ನೊಂದು ಸಲ ನೋಡಿ. ಕೀವೋ ಮೂಳೆಯೋ ಅನ್ನೋದೂ ಬಹಳಷ್ಟು ಸಲ ಕಾಲದ ಪ್ರಶ್ನೆಯೇ. ಬೇಗ ಹಿಡಿದಿದ್ದರೆ, ಪೂರ್ತಿ ಔಷಧ ಸಿಕ್ಕಿದ್ದರೆ ಆ ಗೂನು ಅಷ್ಟು ಬೆಳೀತಿರಲಿಲ್ಲ. ಟುಲಿ ಈ ಕಾಯಿಲೆಯಲ್ಲಿ ಕಾಲು ಸೋಲೋದನ್ನ ನಾಲ್ಕು ಹಂತ ಮಾಡಿದ್ದಾರೆ. ಮೊದಲನೇ ಹಂತದಲ್ಲಿ ರೋಗಿಗೆ ಏನೂ ಗೊತ್ತಿರಲ್ಲ, ನಡೀತಾನೇ ಇರ್ತಾನೆ. ಡಾಕ್ಟರು ಅಂಗಾಲನ್ನ ಗೀರಿದಾಗ ಹೆಬ್ಬೆರಳು ಕೆಳಗೆ ಬಾಗೋ ಬದಲು ಮೇಲಕ್ಕೆ ಏಳುತ್ತೆ. ಎರಡನೇ ಹಂತದಲ್ಲಿ ಕಾಲು ತೊಡರುತ್ತೆ, ಆಸರೆ ಇದ್ದರೆ ನಡೀತಾನೆ. ಮೂರರಲ್ಲಿ ನಡೆಯೋಕಾಗಲ್ಲ. ನಾಲ್ಕರಲ್ಲಿ ಸ್ಪರ್ಶ ಹೋಗಿ ಮಲಮೂತ್ರದ ಹಿಡಿತವೂ ತಪ್ಪಬಹುದು. ಮೊದಲನೇ ಹಂತ ಹಿಡಿಯೋಕೆ ಒಂದು ಬೀಗದ ಕೈ ಮತ್ತು ಅರ್ಧ ನಿಮಿಷ ಸಾಕು. ಬೆನ್ನುನೋವು ಅಂತ ಬಂದ ಹಮಾಲಿಯ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡೋಕೆ ಯಾರಿಗೆ ಆ ಅರ್ಧ ನಿಮಿಷ ಇತ್ತು ಅನ್ನೋದು ಪ್ರಶ್ನೆ.

"ಅವರೇ ಲೇಟಾಗಿ ಬರ್ತಾರೆ, ಹಳ್ಳಿ ಜನಕ್ಕೆ ಅರಿವಿಲ್ಲ" ಅಂತೀವಿ. ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾಗಿದ್ದು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಶ್ವಾಸಕೋಶದ ಟಿಬಿ ಇದ್ದವರನ್ನ ಮಾತಾಡಿಸಿ, 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದ ಕಡೆ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಅಂದ್ರೆ ರೋಗಿ ಬಂದಿದ್ದ, ನಾವು ನೋಡಲಿಲ್ಲ. ಅಲ್ಲಿದ್ದಿದ್ದು ಕೆಮ್ಮು, ಇಲ್ಲಿರೋದು ಬೆನ್ನು. ಕಥೆ ಅಷ್ಟೇನೂ ಬದಲಾಗಿಲ್ಲ ಅಂತ ಅಣ್ಣನ ಐದು ತಿಂಗಳು ನೋಡಿದ ನನಗೆ ಅನ್ಸುತ್ತೆ.

ಅಮಿತಾಭ್ ಬಚ್ಚನ್‌ಗೂ ಇದೇ ಕಾಯಿಲೆ ಬಂದಿತ್ತು. 2000ರಲ್ಲಿ ಕೌನ್ ಬನೇಗಾ ಕರೋಡ್‌ಪತಿ ಶುರುವಾಗೋ ಹೊತ್ತಿಗೆ ಬೆನ್ನಿನ ಟಿಬಿ ಇತ್ತು ಅಂತ ಅವರೇ ಮುಂದೆ ಹೇಳಿಕೊಂಡರು. ಔಷಧ ತಗೊಂಡು ಗುಣವಾದರು. ಹೇಳಿಕೊಂಡಿದ್ದು ಒಳ್ಳೇ ಕೆಲಸ, ಈ ಕಾಯಿಲೆ ಯಾರಿಗೂ ಬರಬಹುದು ಅಂತ ಜನಕ್ಕೆ ಗೊತ್ತಾಯ್ತು. ಬ್ಯಾಕ್ಟೀರಿಯಾಕ್ಕೆ ಬಡವ ಬಲ್ಲಿದ ಅಂತ ಭೇದ ಇಲ್ಲದೇ ಇರಬಹುದು, ಗಡಿಯಾರಕ್ಕೆ ಮಾತ್ರ ಭೇದ ಇದೆ. ದಿನಗೂಲಿಯವನು ಒಂದು ದಿನ ಆಸ್ಪತ್ರೆಯ ಸಾಲಲ್ಲಿ ನಿಂತರೆ ಅವತ್ತಿನ ಕೂಲಿ ಹೋಯ್ತು. ವಿಕ್ಟೋರಿಯಾ ಆಸ್ಪತ್ರೆ 1900ರಿಂದ ತರಗುಪೇಟೆಯ ಮಗ್ಗುಲಲ್ಲೇ ಇದೆ, ನಡೆದರೆ ಕೆಲವೇ ನಿಮಿಷ. ಆದರೆ ದೂರವನ್ನ ಕೂಲಿ ಲೆಕ್ಕದಲ್ಲಿ ಅಳೆಯೋನಿಗೆ ಮಗ್ಗುಲೂ ದೂರವೇ.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತೆ, ಅದನ್ನ ತಪ್ಪಿಸಿಕೊಳ್ಳೋ ಹಾಗಿಲ್ಲ. "ಎಲ್ಲ ಹುರಿಯ ಸ್ಥಿತಿ ಮೇಲೆ ನಿಂತಿದೆ ಅಂತ ರೋಗಿಗೆ ಹೇಳಿದರೆ ಅವನು ವ್ಯಾಯಾಮ ಯಾಕೆ ಮಾಡ್ತಾನೆ? ಛಲ ಅನ್ನೋದು ಸುಳ್ಳಾದರೂ ಉಪಯೋಗಕ್ಕೆ ಬರೋ ಸುಳ್ಳು ತಾನೇ?" ನನ್ನ ಹೆಂಡತಿಯೇ ಕೇಳಿದ್ದು ಇದು.

ನಮ್ಮ ಆಫೀಸುಗಳಲ್ಲಿ ಈಗ ಸ್ಟೋಯಿಕ್ ತತ್ವದ ಪುಸ್ತಕಗಳು ಜೋರಾಗಿ ಓಡ್ತಿವೆ. ಆ ಪರಂಪರೆಯ ಎಪಿಕ್ಟೀಟಸ್ ಹುಟ್ಟಿನಿಂದ ಗುಲಾಮ, ಕಾಲು ಕುಂಟು. ನಮ್ಮ ಕೈಲಿರೋದು ಯಾವುದು, ಇಲ್ಲದ್ದು ಯಾವುದು ಅಂತ ಬೇರೆ ಮಾಡೋದೇ ಅವನ ಮೊದಲ ಪಾಠ. ಮೈ ಅನ್ನೋದನ್ನ ಅವನು ಕೈಲಿಲ್ಲದ್ದರ ಪಟ್ಟಿಗೆ ಹಾಕಿದ, ಅದು ಕುಂಟುಕಾಲಿನವನ ಅನುಭವದ ಮಾತು. ನಾವು ಅವನನ್ನ ಓದಿ ತದ್ವಿರುದ್ಧ ಕಲಿತಿದೀವಿ, ಮನಸ್ಸು ಗಟ್ಟಿ ಮಾಡಿದರೆ ಮೈಯೂ ಮಾತು ಕೇಳುತ್ತೆ ಅಂತ.

ರೋಗಿಯ ಕೈಲಿರೋದು ಕಡಿಮೆ ಏನಲ್ಲ. ಶ್ವಾಸಕೋಶದ ಮಾಮೂಲಿ ಟಿಬಿಗೆ ಆರು ತಿಂಗಳ ಔಷಧ ಆದರೆ ಬೆನ್ನಿನದ್ದಕ್ಕೆ ಹನ್ನೆರಡು, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟು ದಿನ ಹೊಟ್ಟೆ ತೊಳೆಸಿದರೂ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೂ ಮಾತ್ರೆ ಬಿಡಬಾರದು. ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಹುಟ್ಟಬಹುದು. ವ್ಯಾಯಾಮ ಮಾಡಿದರೆ ಕೀಲುಗಳು ಗಟ್ಟಿಯಾಗಲ್ಲ, ಇರೋ ಮಾಂಸಖಂಡ ಉಳಿಯುತ್ತೆ. ಆಮೇಲೆ ನರ ಎಚ್ಚರವಾದರೆ ಅದಕ್ಕೆ ಕೆಲಸ ಮಾಡೋಕೆ ಒಂದು ಕಾಲು ಇರುತ್ತೆ, ಎಚ್ಚರವಾಗದಿದ್ದರೆ ಕುರ್ಚಿಯಿಂದ ಮಂಚಕ್ಕೆ ದಾಟೋಕೆ ತೋಳಿನಲ್ಲಿ ಬಲ ಇರುತ್ತೆ. ವ್ಯಾಯಾಮ ಮಾಡೋಕೆ ಇಷ್ಟು ಕಾರಣ ಸಾಕು, ಸುಳ್ಳು ಬೇಕಿಲ್ಲ. ಸುಳ್ಳಿನ ಮೇಲೆ ನಿಂತ ಹುರುಪು ಆರನೇ ತಿಂಗಳಲ್ಲಿ ಕಾಲು ಬರದಿದ್ದಾಗ ಕುಸಿಯುತ್ತೆ, ಜೊತೆಗೆ ಮಾತ್ರೆಯೂ ನಿಲ್ಲೋ ಅಪಾಯ ಇದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಮಾಡಿದ ಕೆಲಸಕ್ಕೆ ಮನ್ನಣೆ ಕೊಡಿ, ಬಂದ ಫಲಕ್ಕೆ ಕೊಡಬೇಡಿ. ಆ ಲೆಕ್ಕದಲ್ಲಿ ಅಣ್ಣನಿಗಿಂತ ಹುಡುಗನಿಗೆ ಒಂದು ಅಂಕ ಹೆಚ್ಚೇ ಸಿಗಬೇಕು. ಯಾರ ಗಮನಕ್ಕೂ ಬರದ ಇನ್ನೊಬ್ಬರಿಗೂ ಸಿಗಬೇಕು. ಕಾಲಿನಲ್ಲಿ ಸ್ಪರ್ಶ ಇಲ್ಲದವರನ್ನ ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣಾಗುತ್ತೆ, ನಂಜಾಗುತ್ತೆ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಅದನ್ನ ಮಾಡಿದ್ದು ಅತ್ತಿಗೆ. ಅಣ್ಣನ ಬೆನ್ನಲ್ಲಿ ಒಂದೂ ಹುಣ್ಣಾಗಲಿಲ್ಲ. ಆಗದೇ ಇದ್ದಿದ್ದನ್ನ ಯಾರು ಹೊಗಳ್ತಾರೆ? ಊರಿನವರು ಬಂದು "ನಿನ್ನ ಗಂಡನ ಛಲ" ಅಂತ ಹೊಗಳಿದಾಗ ಅತ್ತಿಗೆ ಟೀ ಮಾಡೋಕೆ ಒಳಗೆ ಹೋದರು.

ನೋಡೋಕೆ ಹೋದ ನಾವು ಬದಲಾಯಿಸಬಹುದಾದ ಸಣ್ಣ ಸಂಗತಿಗಳೂ ಇವೆ. ಆಪರೇಷನ್ ಆಗಿ ಮಲಗಿದವರನ್ನ "ಇನ್ನೂ ನಡೀತಿಲ್ವಾ?" ಅಂತ ಕೇಳೋದನ್ನ ನಿಲ್ಲಿಸಬಹುದು. ಚೇತರಿಕೆ ಕೆಲವರಿಗೆ ದಿನಗಳಲ್ಲಿ ಕಾಣುತ್ತೆ, ಕೆಲವರಿಗೆ ತಿಂಗಳುಗಳು ಬೇಕು, ವರ್ಷ ದಾಟಿದ ಮೇಲೂ ಅಷ್ಟಿಷ್ಟು ಬರೋದುಂಟು, ಕೆಲವರಿಗೆ ಬರೋದೇ ಇಲ್ಲ. ಆ ಪ್ರಶ್ನೆಗೆ ಉತ್ತರ ಅವರ ಹತ್ತಿರ ಇಲ್ಲ. "ರಾತ್ರಿ ನಿದ್ದೆ ಬಂತಾ, ಮಾತ್ರೆ ಹೊಟ್ಟೆಗೆ ಹಿಡೀತಿದೆಯಾ, ಮನೆ ಬಾಡಿಗೆ ಹೇಗೆ?" ಅಂತ ಕೇಳಿದರೆ ಉತ್ತರ ಇರುತ್ತೆ, ನಾವು ಮಾಡೋಕೆ ಏನಾದರೂ ಕೆಲಸವೂ ಇರುತ್ತೆ. ಟಿಬಿ ಔಷಧ ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಬರ್ತಿತ್ತು, 2024ರ ನವೆಂಬರಿನಿಂದ 1000 ಆಗಿದೆ. ಅದಕ್ಕೆ ಬ್ಯಾಂಕ್ ಖಾತೆ ಜೋಡಿಸಬೇಕು. ಈ ಫಾರಂ ಕೆಲಸ ನಮಗೆ ಹತ್ತು ನಿಮಿಷದ್ದು, ಹಾಸಿಗೆ ಹಿಡಿದ ಮನೆಗೆ ಎರಡು ದಿನದ್ದು.

ಎಲ್ಲಕ್ಕಿಂತ ಮೊದಲ ಕೆಲಸ, ಗಡಿಯಾರ ನಮ್ಮ ಕಡೆ ಇರೋವಾಗಲೇ ಕಿವಿಗೊಡೋದು. ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಮನೆಗೆಲಸಕ್ಕೆ ಬರೋವರು, ಸಿಲಿಂಡರ್ ಹೊತ್ತು ಮಹಡಿ ಹತ್ತೋ ಹುಡುಗ, ಇವರಲ್ಲಿ ಯಾರಾದರೂ ವಾರಗಟ್ಟಲೆ ಹೋಗದ ಬೆನ್ನುನೋವಿನ ಬಗ್ಗೆ ಹೇಳಿದರೆ, ಜೊತೆಗೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ, "ಭಾರ ಎತ್ತಿರ್ತೀಯ ಬಿಡು" ಅಂತ ಅನ್ನಬೇಡಿ. ಕಾಲು ಬಿಗಿತಿದೆ, ಚಪ್ಪಲಿ ಜಾರುತ್ತೆ ಅಂದ್ರೆ ಅವತ್ತೇ ಆಸ್ಪತ್ರೆಗೆ ಕಳಿಸಿ, ಆವತ್ತಿನ ಕೂಲಿ ಕೊಟ್ಟು ಕಳಿಸಿ. ಆಮೇಲೆ ಅವರು ನಡೆದುಕೊಂಡು ವಾಪಸ್ ಬಂದರೆ ಅದು ಯಾವ ಲಿಂಕ್ಡ್‌ಇನ್ ಪೋಸ್ಟೂ ಆಗಲ್ಲ. ಬೀಳದೇ ಇದ್ದವನು ಎದ್ದ ಕಥೆಯನ್ನ ಯಾರು ಬರೀತಾರೆ?